ಬಾಂಡ್ಲಿ ಸುತ್ತ ಇರುವೆ

– ಚಿಕ್ಕಮ್ಮ, ಈ ಬಾಂಡ್ಲಿ ಸುತ್ತ ಅರಿಸಿನ ಯಾಕೆ ಉದುರಿಸಿದೀಯ?

– ಇರುವೆ ಕಣೇ. ಯುಗಾದಿ ಆದಾಗಿನಿಂದ ಒಂದೇ ಸಮ. ಮರಳು ಬದಲಾಯಿಸಿ ಒಂದು ಗಂಟೆ ಆಗಿರಲ್ಲ, ಸಾಲುಗಟ್ಟಿ ಬರುತ್ವೆ. ಸೀಮೆಸುಣ್ಣದ ಥರ ಇರುತ್ತಲ್ಲ ಇರುವೆ ಮದ್ದು, ಅದನ್ನೇ ಎಳೆಯೋಣ ಅಂದುಕೊಂಡೆ. ಆಮೇಲೆ ಗುಂಡ ಕಾಲು ನೆಕ್ಕಿಕೊಳ್ತಾನಲ್ಲ ಅಂತ ಭಯ ಆಗಿ ಅರಿಸಿನ ಹಾಕಿದೆ.

– ಎಳೀದೇ ಇದ್ದದ್ದು ಒಳ್ಳೇದಾಯ್ತು. ಆ ಜಾತಿ ಕೀಟನಾಶಕಗಳನ್ನ ಕರಗಿಸಿ ಹೊರಗೆ ಹಾಕೋ ಶಕ್ತಿ ಬೆಕ್ಕಿನ ಮೈಗೆ ತುಂಬಾ ಕಡಿಮೆ. ನಾಯಿಗೆ ತಡೆಯೋದೂ ಬೆಕ್ಕಿಗೆ ತಡೆಯಲ್ಲ. ಅದಿರಲಿ, ಇರುವೆ ಬರೋದು ಮರಳಿಗಾ, ಅನ್ನದ ತಟ್ಟೆಗಾ?

– ತಟ್ಟೆಗೆ ಬಂದಿದ್ರೆ ನಾನೇನೂ ಅಂದುಕೊಳ್ತಿರಲಿಲ್ಲ. ಮರಳಿಗೇ. ಅವನು ಒಂದಕ್ಕೆ ಹೋದ ಜಾಗಕ್ಕೇ.

– ಮರಳು ಎಷ್ಟು ದಿನಕ್ಕೊಂದು ಸಲ ಬದಲಾಯಿಸ್ತೀಯ?

– ಮೊದಲೆಲ್ಲ ಮೂರು ದಿನಕ್ಕೊಂದು ಸಲ. ಒಂದು ನಿಂಬೆಹಣ್ಣಿನ ಗಾತ್ರ ಒದ್ದೆ ಆಗಿರ್ತಿತ್ತು, ಅಷ್ಟನ್ನ ಕರಣೆಯಲ್ಲಿ ಎತ್ತಿ ಹಾಕ್ತಿದ್ದೆ. ಈಗ ರೊಟ್ಟಿಯಗಲ ಒದ್ದೆ, ಅದೂ ತಳದವರೆಗೂ. ದಿನಾ ಬದಲಾಯಿಸ್ತೀನಿ, ಒಂದೊಂದು ದಿನ ಎರಡು ಸಲ. ಬೇಸಿಗೆ ಅಲ್ವಾ, ನೀರು ಜಾಸ್ತಿ ಕುಡೀತಾನೆ, ಜಾಸ್ತಿ ಹೋಗ್ತಾನೆ.

– ಎಲ್ಲೆಲ್ಲಿ ಕುಡೀತಾನೆ?

– ಅವನ ಬಟ್ಟಲಲ್ಲಿ. ಬಚ್ಚಲಮನೆ ಬಕೆಟ್ಟಲ್ಲಿ. ಹಿತ್ತಲ ನಲ್ಲಿ ಕೆಳಗೆ ಕಲ್ಲುಬಾನಿ ಇದೆಯಲ್ಲ, ಅದರಲ್ಲಿ. ಮೊನ್ನೆ ನೋಡಿದ್ರೆ ದೇವರಮನೆಯ ಪಂಚಪಾತ್ರೆಗೆ ಬಾಯಿ ಹಾಕಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನ ಆ ಹೊಸಿಲು ದಾಟಿದವನಲ್ಲ. ಬಯ್ಯೋಕೆ ನನಗೆ ಬಾಯಿ ಬರಲಿಲ್ಲ. ಅಷ್ಟು ಆತುರದಲ್ಲಿ ಕುಡೀತಿದ್ದ.

– ಹೋದ ಬೇಸಿಗೆಯಲ್ಲೂ ಹೀಗೇ ಕುಡಿದಿದ್ನಾ?

– ಹೋದ ಬೇಸಿಗೆ... ಇಲ್ಲ. ಆಗಲೂ ಧಗೆ ಇತ್ತು. ಬಟ್ಟಲಲ್ಲಿ ನೀರು ಹಾಗೇ ಉಳೀತಿತ್ತು, ಸಂಜೆ ನಾನೇ ಅದನ್ನ ದಾಸವಾಳದ ಗಿಡಕ್ಕೆ ಸುರೀತಿದ್ದೆ.

– ಹಾಗಾದ್ರೆ ಇದು ಬೇಸಿಗೆ ಅಲ್ಲ.

– ಏನೋ. ಅದಕ್ಕೇ ನಾನೊಂದು ಉಪಾಯ ಮಾಡಿದೀನಿ. ಹೋದ ವಾರ ಎರಡು ರಾತ್ರಿ ಹಜಾರದ ಚಾಪೆ ಮೇಲೆ ಮಾಡಿಬಿಟ್ಟ ನೋಡು. ಆವತ್ತಿನಿಂದ ರಾತ್ರಿ ಎಂಟಾದ ಮೇಲೆ ಬಟ್ಟಲು ಎತ್ತಿಡ್ತೀನಿ, ಬಚ್ಚಲ ಬಾಗಿಲು ಹಾಕಿಬಿಡ್ತೀನಿ. ಕುಡಿದ್ರೆ ತಾನೇ ಹೋಗೋದು?

– ಚಿಕ್ಕಮ್ಮ, ಎದ್ದು ಹೋಗಿ ಬಟ್ಟಲು ತುಂಬಿಸಿ ಇಟ್ಟು ಬಾ. ಬಚ್ಚಲ ಬಾಗಿಲೂ ತೆಗಿ. ಆಮೇಲೆ ಮಾತಾಡೋಣ.

– ಇಟ್ಟೆ. ಇಟ್ಟ ತಕ್ಷಣ ಬಂದು ಕುಡೀತಿದಾನೆ, ತಲೆ ಎತ್ತಿಲ್ಲ. ಯಾಕೆ ಇಷ್ಟು ಗಾಬರಿ ಮಾಡ್ತೀಯೇ?

– ನೀನು ಹಿಂದುಮುಂದಾಗಿ ಲೆಕ್ಕ ಹಾಕಿದೀಯ, ಅದಕ್ಕೆ. ನಿನ್ನ ತಪ್ಪಲ್ಲ, ನೋಡೋರೆಲ್ಲರಿಗೂ ಹಾಗೇ ಕಾಣೋದು. ಕುಡಿಯೋದು ಕಣ್ಣಿಗೆ ಬೀಳುತ್ತೆ, ಹೋಗೋದು ಮರಳಲ್ಲಿ ಮುಚ್ಚಿಹೋಗುತ್ತೆ. ಅವನು ನೀರು ಕುಡಿದು ಕುಡಿದು ಒಂದಕ್ಕೆ ಹೋಗ್ತಿಲ್ಲ ಚಿಕ್ಕಮ್ಮ. ಒಂದಕ್ಕೆ ಹೋಗಿ ಹೋಗಿ ಮೈಯೆಲ್ಲ ಒಣಗಿ ಕುಡೀತಿದಾನೆ. ಬಟ್ಟಲು ಎತ್ತಿಟ್ಟರೆ ಉಚ್ಚೆ ನಿಲ್ಲಲ್ಲ. ಬಟ್ಟಲಿಂದ ಹೋಗಬೇಕಾದ ನೀರು ಅವನ ರಕ್ತದಿಂದ ಹೋಗುತ್ತೆ.

– ಅಯ್ಯೋ.

– ಎಷ್ಟು ದಿನ ಎತ್ತಿಟ್ಟೆ?

– ಐದು ರಾತ್ರಿ. ಬೆಳಗಿನ ಜಾವ ಬಚ್ಚಲ ಬಾಗಿಲು ಕೆರೀತಿದ್ದ. ನಾನು ಹಟ ಅಂದುಕೊಂಡೆ. ನನಗೇ ಗೊತ್ತಾಗಬೇಕಿತ್ತು ಕಣೇ. ನನಗೆ ಸಕ್ಕರೆ ಕಾಯಿಲೆ ಶುರುವಾದಾಗ ರಾತ್ರಿ ಐದಾರು ಸಲ ಏಳ್ತಿದ್ದೆ. ಏಳೋದು ತಪ್ಪಲಿ ಅಂತ ಮಂಚದ ಪಕ್ಕ ನೀರಿನ ಚೊಂಬು ಇಟ್ಕೊಳ್ಳೋದನ್ನೇ ಬಿಟ್ಟೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬಿಡಿಸೋಕೆ ಆಗ್ತಿರಲಿಲ್ಲ. ಆದ್ರೂ ಏಳೋದೇನು ತಪ್ಪಲಿಲ್ಲ. ಅದೇ ಕೆಲಸ ಇವನಿಗೆ ಮಾಡಿದೀನಿ.

– ಅವನಿಗೂ ಅದೇ ಕಾಯಿಲೆ ಇರಬಹುದು. ಇರುವೆ ನೋಡಿ ನನಗೆ ಮೊದಲು ಬಂದ ಯೋಚನೆ ಅದೇ.

– ಬೆಕ್ಕಿಗೆ ಸಕ್ಕರೆ ಕಾಯಿಲೆನಾ? ಅವನು ಸಿಹಿ ಮುಟ್ಟೋದೇ ಇಲ್ಲ. ಹೋಳಿಗೆ ತುಂಡು ಹಾಕಿದ್ರೂ ಮೂಸಿ ಬಿಟ್ಟುಬಿಡ್ತಾನೆ.

– ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ಗೊತ್ತಾಗಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀನು ಬಾಳೆಹಣ್ಣಿನ ರಸಾಯನ ಮಾಡುವಾಗ ಹಣ್ಣು ಹೆಚ್ಚಿ ಸಕ್ಕರೆ ಬೆರೆಸಿ ಇಡ್ತೀಯಲ್ಲ, ಅರ್ಧ ಗಂಟೆ ಬಿಟ್ಟು ನೋಡಿದ್ರೆ ತಳದಲ್ಲಿ ನೀರು ನಿಂತಿರುತ್ತೆ. ನೀನು ಒಂದು ತೊಟ್ಟೂ ಹಾಕಿರಲ್ಲ. ಸಕ್ಕರೆ ತಾನಿದ್ದ ಕಡೆಗೆ ನೀರನ್ನ ಎಳ್ಕೊಳ್ಳುತ್ತೆ. ಮೂತ್ರಪಿಂಡದಲ್ಲೂ ಅಷ್ಟೇ. ರಕ್ತದಲ್ಲಿ ಸಕ್ಕರೆ ಒಂದು ಮಟ್ಟದವರೆಗೆ ಇದ್ರೆ ಮೂತ್ರಪಿಂಡ ಅದನ್ನ ಪೂರ್ತಿ ವಾಪಸ್ ತಗೊಳ್ಳುತ್ತೆ. ಆ ಮಟ್ಟ ಮನುಷ್ಯರಲ್ಲಿ ಸುಮಾರು 180, ಬೆಕ್ಕಿನಲ್ಲಿ 250ರ ಮೇಲೆ. ಅದನ್ನ ದಾಟಿದ್ರೆ ಸಕ್ಕರೆ ಉಚ್ಚೆಗೆ ಸೋರುತ್ತೆ, ಜೊತೆಗೆ ನೀರನ್ನೂ ಕರ್ಕೊಂಡು ಹೋಗುತ್ತೆ. ಇರುವೆ ಹುಡುಕಿಕೊಂಡು ಬರೋದು ಆ ಸಕ್ಕರೆನ.

– ನಮ್ಮಜ್ಜಿ ಹೇಳ್ತಿದ್ರು. ಯಾರೋ ಒಬ್ಬರು ಹೋದ ಜಾಗಕ್ಕೆ ಇರುವೆ ಮುತ್ತಿದ್ರೆ ಅವರಿಗೆ ಮೇಹ ಅಂತ.

– ಅಜ್ಜಿ ಸುಮ್ಮನೆ ಹೇಳಿದ್ದಲ್ಲ. ಪ್ರಮೇಹ ಬರೋಕೆ ಮುಂಚೆ ಕಾಣೋ ಗುರುತುಗಳಲ್ಲಿ ಮೈಗೂ ಮೂತ್ರಕ್ಕೂ ಇರುವೆ ಮುತ್ತೋದನ್ನ ಚರಕ ಸಂಹಿತೆಯಲ್ಲೇ ಹೇಳಿದೆ. ಮಧುಮೇಹ ಅನ್ನೋ ಹೆಸರಲ್ಲೇ ಮಧು, ಅಂದ್ರೆ ಜೇನು, ಇದೆ. ಇನ್ನೊಂದು ಹೇಳ್ತೀನಿ, ನಮಗೆ ಕಾಲೇಜಿನಲ್ಲಿ ಪಾಠ ಆಗಿತ್ತು, ನನಗೆ ಮರೆಯೋಕೇ ಆಗಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ, ಫಾನ್ ಮೆರಿಂಗ್ ಅಂತ ಇಬ್ಬರು ಒಂದು ನಾಯಿಯ ಮೇದೋಜೀರಕ ಗ್ರಂಥಿ ತೆಗೆದರು. ಅವರಿಗೆ ಬೇಕಾಗಿದ್ದದ್ದು ಕೊಬ್ಬು ಹೇಗೆ ಜೀರ್ಣ ಆಗುತ್ತೆ ಅನ್ನೋದು, ಸಕ್ಕರೆ ವಿಷಯವೇ ಅಲ್ಲ. ಎಲ್ಲೆಂದರಲ್ಲಿ ಗಲೀಜು ಮಾಡದ ನಾಯಿ ಅದು. ಆಪರೇಷನ್ ಆದ ಮೇಲೆ ಪ್ರಯೋಗಾಲಯದ ನೆಲದ ಮೇಲೆಲ್ಲ ಒಂದಕ್ಕೆ ಹೋಗೋಕೆ ಶುರುಮಾಡಿತು. ಮಿಂಕೋವ್‌ಸ್ಕಿ ಒರೆಸಿ ಸುಮ್ಮನಾಗಲಿಲ್ಲ, ಆ ಉಚ್ಚೆಯನ್ನ ಪರೀಕ್ಷೆ ಮಾಡಿದ. ಸಕ್ಕರೆ ಇತ್ತು. ಈ ಕಾಯಿಲೆಯ ಬೇರು ಆ ಗ್ರಂಥಿಯಲ್ಲಿದೆ ಅಂತ ಗೊತ್ತಾಗಿದ್ದು ಆವಾಗ. ಅದೇ ದಾರಿ ಹಿಡಿದು 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇನ್ಸುಲಿನ್ ಹತ್ತಿರ ಹೋದರು. ನೀನು ದಿನಾ ಚುಚ್ಚಿಕೊಳ್ಳೋ ಔಷಧದ ಹಿಂದೆ ಒದ್ದೆ ನೆಲ ಇದೆ, ಅದನ್ನ ಗಮನಿಸಿದ ಒಬ್ಬ ಮನುಷ್ಯ ಇದಾನೆ.

– ಪಾಪ ನಾಯಿ.

– ಹೂಂ. ಪಾಪ ನಾಯಿ.

– ಹಾಗಾದ್ರೆ ಗುಂಡನಿಗೆ ಸಕ್ಕರೆ ಕಾಯಿಲೆನೇ ಅಂತೀಯಾ?

– ಅಷ್ಟು ಬೇಗ ಅನ್ನಲ್ಲ. ಇರುವೆ ಬಂತು ಅಂದ್ರೆ ಪರೀಕ್ಷೆ ಆಯ್ತು ಅಂತಲ್ಲ. ವಯಸ್ಸಾದ ಬೆಕ್ಕು ನೀರು ಜಾಸ್ತಿ ಕುಡಿದ್ರೆ ನಾವು ಮೊದಲು ಯೋಚನೆ ಮಾಡೋದು ಮೂತ್ರಪಿಂಡದ ಬಗ್ಗೆ, ಆಮೇಲೆ ಸಕ್ಕರೆ, ಆಮೇಲೆ ಥೈರಾಯಿಡ್. ಹೆಣ್ಣು ಬೆಕ್ಕಾಗಿ ಆಪರೇಷನ್ ಆಗದೆ ಇದ್ದಿದ್ರೆ ಗರ್ಭಕೋಶದಲ್ಲಿ ಕೀವು ತುಂಬಿದೆಯಾ ಅಂತ ಅವತ್ತೇ ನೋಡಬೇಕಾಗ್ತಿತ್ತು. ಇವನ ಹೊಟ್ಟೆ ಹೇಗಿದೆ? ತಿಂತಾನಾ?

– ತಿನ್ನೋದೇನು, ಎರಡರಷ್ಟು ತಿಂತಾನೆ. ಹಾಲನ್ನ ಹಾಕಿದ್ರೆ ತಟ್ಟೆ ನೆಕ್ಕಿ ಮತ್ತೆ ನನ್ನ ಕಾಲು ಸುತ್ತುತ್ತಾನೆ. ಆ ಕಾಳು ಕಾಳು ಬೆಕ್ಕಿನ ತಿಂಡಿಯೂ ಆಗಬೇಕು.

– ಆದ್ರೂ ಇಳಿದು ಹೋಗಿದಾನೆ. ನಾನು ಒಳಗೆ ಬಂದಾಗಲೇ ಬೆನ್ನುಮೂಳೆ ಕಾಣ್ತು. ಲಸಿಕೆ ಕಾರ್ಡು ಕೊಡು. ನೋಡು, ಎರಡು ವರ್ಷದ ಹಿಂದೆ 6 ಕೆ.ಜಿ. ಅವನನ್ನ ಎತ್ಕೊಂಡು ತಕ್ಕಡಿ ಮೇಲೆ ನಿಲ್ಲು. ಈಗ ಬರೀ ನೀನು ನಿಲ್ಲು. ಕಳೆದ್ರೆ 4.8.

– ಒಂದು ಕೆ.ಜಿ. ಚಿಲ್ಲರೆ ಏನು ಮಹಾ ಅನ್ನಿಸುತ್ತಲ್ಲೇ.

– ಅರವತ್ತು ಕೆ.ಜಿ. ಇದ್ದವರು ನಲವತ್ತೆಂಟಕ್ಕೆ ಇಳಿದರೆ ಏನು ಮಹಾ ಅಂತೀಯಾ? ಅದೇ ಲೆಕ್ಕ. ಕಿಟಕಿ ಹಲಗೆಗೆ ಈಗಲೂ ಹಾರ್ತಾನಾ?

– ಇಲ್ಲ. ಕೆಳಗೆ ನಿಂತು ನೋಡ್ತಾನೆ, ಆಮೇಲೆ ಕುರ್ಚಿ ಹತ್ತಿ ಅಲ್ಲಿಂದ ಹೋಗ್ತಾನೆ. ಹಿಂಗಾಲು ಒಂಥರಾ ಇಡ್ತಾನೆ ಕಣೇ, ಹಿಮ್ಮಡಿ ನೆಲಕ್ಕೆ ಒತ್ತಿ. ವಯಸ್ಸಾಯ್ತು ಅಂದುಕೊಂಡೆ.

– ಅದೂ ಸಕ್ಕರೆಯ ಕಡೆಗೇ ಕೈ ತೋರಿಸುತ್ತೆ. ನರ ಸೋತಾಗ ಬೆಕ್ಕು ಹಾಗೆ ನಡೆಯುತ್ತೆ. ಚಳಿಗಾಲದಲ್ಲಿ ತುರಿಕೆ ಅಂತ ಫೋನ್ ಮಾಡಿದ್ದೆಯಲ್ಲ, ಆಗ ಏನು ಕೊಡಿಸಿದೆ?

– ಎರಡು ಇಂಜೆಕ್ಷನ್ ಕೊಟ್ಟರು, ತಿಂಗಳು ಬಿಟ್ಟು ಇನ್ನೊಂದು. ತುರಿಕೆ ಮಂತ್ರ ಹಾಕಿದ ಹಾಗೆ ನಿಂತಿತ್ತು.

– ಸ್ಟಿರಾಯಿಡ್ ಇರಬೇಕು. ಬೇಕಾದಾಗ ಅದನ್ನ ಕೊಡಲೇಬೇಕಾಗುತ್ತೆ. ಆದ್ರೆ ಮೈತುಂಬಿಕೊಂಡ, ಬೀಜ ತೆಗೆಸಿದ, ವಯಸ್ಸಾದ ಗಂಡುಬೆಕ್ಕಿಗೆ ಅದು ಸಕ್ಕರೆ ಏರಿಸಿಬಿಡೋದುಂಟು. ಇದನ್ನ ನಾಳೆ ಡಾಕ್ಟರಿಗೆ ಮರೀದೆ ಹೇಳು.

– ನೀನೇ ಡಾಕ್ಟರಲ್ವೇನೇ?

– ನಾನು ದಿನಾ ನೋಡೋದು ಹಸು, ಎಮ್ಮೆ, ಕುರಿ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಬೆಕ್ಕು ಬರೋದೇ ಅಪರೂಪ. ಇವನಿಗೆ ಸಣ್ಣ ಪ್ರಾಣಿಗಳನ್ನೇ ನೋಡೋರು ಬೇಕು, ರಕ್ತ ಪರೀಕ್ಷೆಯ ಯಂತ್ರ ಇರಬೇಕು. ನಾನು ಜೊತೆಗೆ ಬರ್ತೀನಿ. ಒಂದು ವಿಷಯ ನಿನಗೆ ಹೇಳಿಯೇ ಇಲ್ಲ ಚಿಕ್ಕಮ್ಮ. ಕ್ವಾರ್ಟರ್ಸ್‌ನಲ್ಲಿ ನನ್ನ ಹತ್ತಿರ ಮಿನ್ನಿ ಇದ್ದಳಲ್ಲ.

– ವಯಸ್ಸಾಗಿ ಹೋದಳು ಅಂದಿದ್ದೆ.

– ಹದಿಮೂರು ವರ್ಷ ಆಗಿತ್ತು, ಅದು ನಿಜ. ಆದ್ರೆ ಅವಳು ಹೋಗಿದ್ದು ಮೂತ್ರಪಿಂಡದಿಂದ, ಮತ್ತೆ ನಾನು ನೋಡದೇ ಇದ್ದದ್ದರಿಂದ. ರೈತರು ಹಸು ಹೊಡ್ಕೊಂಡು ಬಂದ್ರೆ ನಾನು ಕೇಳೋ ಮೊದಲ ಪ್ರಶ್ನೆಗಳಲ್ಲಿ ಒಂದು, ನೀರು ಎಷ್ಟು ಕುಡೀತಿದೆ ಅಂತ. ಅವರು ಥಟ್ಟನೆ ಹೇಳ್ತಾರೆ. ನಿನ್ನೆ ಸಂಜೆ ಅರ್ಧ ಬಕೆಟ್ ಬಿಟ್ಟಿತು ಮೇಡಂ, ಇವತ್ತು ಮೂತಿ ಅದ್ದಿ ಹಾಗೇ ನಿಂತಿತು ಮೇಡಂ ಅಂತ. ದಿನಕ್ಕೆ ನಲವತ್ತು ಐವತ್ತು ಲೀಟರು ಹೊತ್ತು ಹಾಕೋರಿಗೆ ಒಂದು ಬಕೆಟ್ಟಿನ ವ್ಯತ್ಯಾಸ ಭುಜಕ್ಕೇ ಗೊತ್ತಾಗಿರುತ್ತೆ. ಬೆಕ್ಕಿನ ನೀರು ಯಾರ ಭುಜಕ್ಕೂ ತಿಳಿಯಲ್ಲ. ನಾನು ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ಮಿನ್ನಿಯ ಬಟ್ಟಲು ತುಂಬಿಸ್ತಿದ್ದೆ, ಸಂಜೆ ಬಂದು ತುಂಬಿಸ್ತಿದ್ದೆ. ಬಟ್ಟಲು ಖಾಲಿ ಇದ್ರೆ, ಚೆನ್ನಾಗಿ ನೀರು ಕುಡೀತಿದಾಳೆ ಅಂತ ಸಂತೋಷ ಪಡ್ತಿದ್ದೆ. ಏಳೆಂಟು ತಿಂಗಳು ಸಂತೋಷ ಪಟ್ಟೆ. ಊಟ ಬಿಟ್ಟ ದಿನ ರಕ್ತ ತೆಗೆದು ನೋಡಿದ್ರೆ ಉಳಿದಿದ್ದದ್ದು ಸ್ವಲ್ಪವೇ. ದಿನಾ ಚರ್ಮದ ಕೆಳಗೆ ಸಲೈನ್ ಕೊಟ್ಟೆ. ಇಪ್ಪತ್ತಾರು ದಿನ ಇದ್ದಳು.

– ನನಗೆ ಹೇಳಬಾರದಾಗಿತ್ತೇನೇ.

– ಹೇಳೋಕೆ ಆಗಲಿಲ್ಲ.

– ಮೊದಲೇ ನೋಡಿದ್ದಿದ್ರೆ ಉಳೀತಿದ್ದಳಾ?

– ಹೋದ ಮೂತ್ರಪಿಂಡ ಮತ್ತೆ ಬರಲ್ಲ. ಆದ್ರೆ ರಂಜಕ ಕಡಿಮೆ ಇರೋ ಆಹಾರ ಕೊಟ್ಟು, ರಕ್ತದ ಒತ್ತಡ ನೋಡ್ಕೊಂಡು, ನೀರಿನಂಶ ಜಾಸ್ತಿ ಸಿಗೋ ಹಾಗೆ ಮಾಡಿದ್ರೆ ವರ್ಷಗಟ್ಟಲೆ ಚೆನ್ನಾಗಿ ಬದುಕಿರೋ ಬೆಕ್ಕುಗಳಿವೆ. ಕಷ್ಟ ಎಲ್ಲಿ ಅಂದ್ರೆ, ಮೂತ್ರಪಿಂಡ ಗುಟ್ಟಾಗಿ ಸೋಲುತ್ತೆ. ಬೆಕ್ಕಿನ ಪೂರ್ವಿಕರು ಮರಳುಗಾಡಿನ ಕಡೆಯ ಕಾಡುಬೆಕ್ಕುಗಳು. ಇಲಿ ಹಿಡಿದು ತಿಂದ್ರೆ ಅದರಲ್ಲೇ ನೂರಕ್ಕೆ ಎಪ್ಪತ್ತು ಪಾಲು ನೀರು ಸಿಗ್ತಿತ್ತು. ಆ ನೀರನ್ನ ಹಿಂಡಿ ಹಿಂಡಿ ಉಳಿಸ್ಕೊಂಡು, ಉಚ್ಚೆಯನ್ನ ತುಂಬಾ ಗಟ್ಟಿ ಮಾಡಿ ಹೊರಗೆ ಹಾಕೋದು ಅದರ ಮೂತ್ರಪಿಂಡದ ವಿದ್ಯೆ. ನೀರಿನ ತೂಕ 1.000 ಅಂತಿಟ್ಟುಕೊಂಡ್ರೆ ಆರೋಗ್ಯವಾಗಿರೋ ಬೆಕ್ಕಿನ ಉಚ್ಚೆ 1.035ರ ಮೇಲೇ ಇರುತ್ತೆ. ಮೂರರಲ್ಲಿ ಎರಡು ಪಾಲು ಕೆಲಸಗಾರ ನಾಳಗಳು ಸತ್ತ ಮೇಲೆ ಈ ಹಿಂಡೋ ವಿದ್ಯೆ ಹೋಗುತ್ತೆ. ರಕ್ತದಲ್ಲಿ ಕ್ರಿಯಾಟಿನಿನ್ ಏರೋದು ಅದಕ್ಕೂ ಆಮೇಲೆ, ನಾಲ್ಕರಲ್ಲಿ ಮೂರು ಪಾಲು ಹೋದ ಹೊತ್ತಿಗೆ. ಇವೆರಡರ ಮಧ್ಯೆ ಒಂದಷ್ಟು ಕಾಲ ಇದೆ ನೋಡು, ಆ ಕಾಲದಲ್ಲಿ ಮನೆಯವರಿಗೆ ಕಾಣೋದು ತುಂಬಿದ ಮರಳು, ಖಾಲಿ ಬಟ್ಟಲು, ಇಷ್ಟೇ. ಬೆಕ್ಕು ಆಡುತ್ತೆ, ತಿನ್ನುತ್ತೆ, ಬಿಸಿಲಲ್ಲಿ ಮಲಗುತ್ತೆ. ನನಗೆ ಕಂಡಿತ್ತು ಚಿಕ್ಕಮ್ಮ. ಕಂಡಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

– ಆಯ್ತು ಬಿಡು. ಈಗ ನಾನೇನು ಮಾಡಲಿ, ಅದು ಹೇಳು.

– ಅಳೀಬೇಕು. ಮಿಲಿ ಗುರುತಿರೋ ಪ್ಲಾಸ್ಟಿಕ್ ಜಗ್ಗು ಇದೆಯಾ? ಬೆಳಿಗ್ಗೆ 600 ಮಿಲಿ ಹಾಕು, ಮಾರನೇ ದಿನ ಅದೇ ಹೊತ್ತಿಗೆ ಉಳಿದದ್ದನ್ನ ಅಳಿ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಬಟ್ಟಲಲ್ಲಿ ಅಷ್ಟೇ ನೀರು ಹಾಕಿ ಜರಡಿ ಮುಚ್ಚಿಡು. ಬಿಸಿಲಿಗೆ ಎಷ್ಟು ಆವಿಯಾಗುತ್ತೆ ಅಂತ ಅದು ಹೇಳುತ್ತೆ, ಅಷ್ಟನ್ನ ಕಳೀಬೇಕು. ಕಲ್ಲುಬಾನಿ ಬರಿದು ಮಾಡು, ಬಕೆಟ್ಟು ಮುಚ್ಚು. ಅವನ ಬಟ್ಟಲು ಮಾತ್ರ ಒಂದು ಕ್ಷಣವೂ ಖಾಲಿ ಇರಬಾರದು.

– ಎಷ್ಟು ಕುಡಿದ್ರೆ ಸರಿ?

– ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 50 ಮಿಲಿ ಅಂತಿಟ್ಟುಕೋ. ಇವನಿಗೆ 240. ಅದಕ್ಕಿಂತ ಕಡಿಮೆ ಕುಡಿದ್ರೆ ಚಿಂತೆ ಇಲ್ಲ. ತಿನ್ನೋದನ್ನೂ ನೋಡಬೇಕು. ಕಾಳಿನ ತಿಂಡಿಯಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರ ನೀರು, ಅದನ್ನ ತಿನ್ನೋ ಬೆಕ್ಕು ಸಹಜವಾಗಿ ಜಾಸ್ತಿ ಕುಡಿಯುತ್ತೆ. ಕೆ.ಜಿ.ಗೆ 100 ಮಿಲಿ ಹತ್ತಿರ ಬಂತು ಅಂದ್ರೆ ಮಾತ್ರ ಯಾವ ತಿಂಡಿಯ ಮೇಲೂ ನೆಪ ಹಾಕೋ ಹಾಗಿಲ್ಲ. ಅಳತೆಗೋಸ್ಕರ ಡಾಕ್ಟರ ಹತ್ತಿರ ಹೋಗೋದನ್ನ ತಡ ಮಾಡೋದೂ ಬೇಡ. ನಾಳೆ ಹೋಗೋಣ, ಅಳತೆ ಅದರ ಪಾಡಿಗೆ ನಡೀಲಿ.

– ಉಚ್ಚೆನೂ ಕೇಳ್ತಾರಲ್ವಾ? ಅದನ್ನ ಹೇಗೆ ಹಿಡಿಯೋದು?

– ಬಾಂಡ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಮರಳಿನ ಬದಲು ತೊಳೆದ ಬೆಣಚುಕಲ್ಲು ಹರಡು. ಕಲ್ಲು ನೀರು ಕುಡಿಯಲ್ಲ. ಅವನು ಕೆರೆದು ಹೋದ ಮೇಲೆ ಬಾಂಡ್ಲಿ ಓರೆ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಎಳ್ಕೋ. ಬೆಳಿಗ್ಗೆ ಹೊರಡೋಕೆ ಮುಂಚೆ ಸಿಕ್ಕಿದ್ರೆ ಒಳ್ಳೇದು. ಮತ್ತೆ ಒಂದು ವಿಷಯ, ಇದನ್ನ ನೀನು ಪಕ್ಕದ ಮನೆಯವರಿಗೂ ಹೇಳು, ಅವರದ್ದೂ ಗಂಡುಬೆಕ್ಕಲ್ವಾ? ರಾಶಿ ರಾಶಿ ಹೋಗೋದು ಬೇರೆ. ಗಂಡುಬೆಕ್ಕು ಹತ್ತು ಸಲ ಬಾಂಡ್ಲಿಗೆ ಹೋಗಿ, ಕೂತು ಮುಕ್ಕಿ, ಹನಿಯೋ ಎರಡು ಹನಿಯೋ ಬಂದು ಅಥವಾ ಏನೂ ಬರದೆ ಕೂಗ್ತಾ ಇದ್ರೆ ಅದು ಉಚ್ಚೆ ಕಟ್ಟಿರೋದು. ಅದಕ್ಕೆ ನಾಳೆ ಅನ್ನೋದಿಲ್ಲ. ರಾತ್ರಿ ಎಷ್ಟೇ ಹೊತ್ತಾಗಿರಲಿ ಎತ್ಕೊಂಡು ಓಡಬೇಕು. ಒಂದೆರಡು ದಿನ ಬಿಟ್ಟರೆ ಜೀವ ಹೋಗುತ್ತೆ. ಎರಡಕ್ಕೂ ಜನ ಒಂದೇ ಮಾತು ಹೇಳ್ತಾರೆ, ಪದೇ ಪದೇ ಹೋಗ್ತಿದೆ ಅಂತ. ಅದಕ್ಕೇ ಎಷ್ಟು ಸಲ ಅಂತ ಎಣಿಸಿದ್ರೆ ಸಾಲದು, ಎಷ್ಟು ಬಂತು ಅಂತ ಮರಳು ಕೆದಕಿ ನೋಡಬೇಕು.

– ಅಲ್ಲಿಯವರೆಗೆ ನನ್ನ ಸಕ್ಕರೆ ಮಾತ್ರೆ ಕಾಲು ಭಾಗ ಕೊಡಲಾ?

– ಬೇಡ. ನಿನ್ನ ಯಾವ ಔಷಧವೂ ಬೇಡ. ಜ್ವರದ ಮಾತ್ರೆ ಅಂತೂ ಬೇಡವೇ ಬೇಡ, ಪ್ಯಾರಾಸಿಟಮಾಲ್ ಒಂದು ತುಂಡು ಸಾಕು ಬೆಕ್ಕನ್ನ ಸಾಯಿಸೋಕೆ. ಸಕ್ಕರೆ ಅಂತ ಅವನನ್ನ ಉಪವಾಸ ಕೆಡವಲೂ ಬೇಡ. ಮೈತುಂಬಿದ್ದ ಬೆಕ್ಕು ಎರಡು ಮೂರು ದಿನ ಹಸಿದಿದ್ರೆ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳುತ್ತೆ. ವಾಂತಿ ಆಗಿ, ಊಟ ಬಿಟ್ಟು, ಮಂಕಾಗಿ ಮೂಲೆ ಸೇರಿದ್ರೆ ಬೆಳಗಾಗೋದನ್ನ ಕಾಯಬೇಡ, ನನಗೆ ಫೋನ್ ಮಾಡು.

– ಇವರು ಅಂತಾರೆ, ಒಂದು ಬೆಕ್ಕಿಗೆ ಇಷ್ಟೆಲ್ಲಾನಾ ಅಂತ.

– ಚಿಕ್ಕಪ್ಪ ಅನ್ನಲಿ. ರಾತ್ರಿ ಯಾರ ಕಾಲ ಹತ್ತಿರ ಮಲಗ್ತಾನೆ ಇವನು?

– ಅವರ ಹತ್ತಿರವೇ.

* * *

– ಎಲ್ಲಿದೀಯೇ? ಮಾತಾಡಬಹುದಾ? ಆ ಎರಡನೇ ರಿಪೋರ್ಟು ಬಂತು. ನಾನು ಓದ್ತೀನಿ, ನೀನು ಕೇಳಿಸ್ಕೋ. ಫ್ರಕ್ಟೋಸಮೈನ್ ಅಂತಿದೆ, ಮುಂದೆ ಮೇಲ್ಮುಖದ ಬಾಣ ಹಾಕಿದಾರೆ.

– ಹಾಗಾದ್ರೆ ಸಕ್ಕರೆಯೇ. ಅವತ್ತು ರಕ್ತದಲ್ಲಿ 412 ಬಂದಾಗಲೂ ನಾನು ನಂಬಿರಲಿಲ್ಲ. ಬೆಕ್ಕನ್ನ ಚೀಲಕ್ಕೆ ಹಾಕಿ, ಆಟೋದಲ್ಲಿ ಕೂರಿಸಿ, ನಾಯಿ ಬೊಗಳೋ ಕಡೆ ಕಾಯಿಸಿದ್ರೆ ಹೆದರಿಕೆಗೇ 300 ದಾಟೋದುಂಟು. ಫ್ರಕ್ಟೋಸಮೈನ್ ಆ ಒಂದು ಗಳಿಗೆಯ ಮಾತು ಹೇಳಲ್ಲ, ಹಿಂದಿನ ಒಂದೆರಡು ವಾರ ಹೇಗಿತ್ತು ಅನ್ನೋದನ್ನ ಹೇಳುತ್ತೆ. ಉಚ್ಚೆಯಲ್ಲಿ ಕೀಟೋನ್ ಇರಲಿಲ್ಲವಲ್ಲ, ಅದು ದೊಡ್ಡ ಸಮಾಧಾನ. ಕ್ರಿಯಾಟಿನಿನ್ 1.6, ಅದೂ ಸರಿ ಇದೆ. ಅಳತೆ ಏನಾಯ್ತು?

– ಬರ್ಕೊಂಡಿದೀನಿ. ಮೊದಲನೇ ದಿನ 470, ಎರಡನೇ ದಿನ 510, ಮೂರನೇ ದಿನ 455. ಆವಿ ಕಳೆದೇ ಬರೆದಿರೋದು.

– ಸುಮಾರು 480. ಕೆ.ಜಿ.ಗೆ ಸರಿಯಾಗಿ 100. ಇನ್ಸುಲಿನ್ ಹೇಗೆ ಕೊಡೋಕೆ ಹೇಳಿದಾರೆ?

– ಬೆಳಿಗ್ಗೆ ಏಳಕ್ಕೆ ಒಂದು ಯೂನಿಟ್, ಸಂಜೆ ಏಳಕ್ಕೆ ಒಂದು ಯೂನಿಟ್. ನನ್ನದೇ ಸಿರಿಂಜು ಮನೆ ತುಂಬಾ ಇದೆ, ಅದರಲ್ಲೇ...

– ನಿಲ್ಲು. ನಿನ್ನ ಸಿರಿಂಜಿನ ಮುಚ್ಚಳ ಯಾವ ಬಣ್ಣ?

– ಕೆಂಪು.

– ಅದು 40ರ ಸೀಸೆಗೆ ಮಾಡಿದ್ದು. ಗುಂಡನ ಸೀಸೆ ಮೇಲೆ 100 ಅಂತಿರುತ್ತೆ, ನೋಡು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಆಗಬೇಕು. ಕೆಂಪಿನದ್ದರಲ್ಲಿ ಒಂದು ಗೆರೆ ಎಳೆದ್ರೆ ಅವನ ಮೈಗೆ ಹೋಗೋದು ಎರಡೂವರೆ ಯೂನಿಟ್. ಸಕ್ಕರೆ ಪಾತಾಳಕ್ಕೆ ಇಳಿದು ಫಿಟ್ಸ್ ಬರಬಹುದು. ಎರಡೂ ಸಿರಿಂಜು ಒಂದೇ ಡಬ್ಬದಲ್ಲಿ ಇಡಬೇಡ. ನಿನ್ನದು ದೇವರಮನೆ ಕಡೆ ಕಪಾಟಿನಲ್ಲಿ, ಅವನದು ಬೇರೆ ಕಡೆ.

– 100 ಅಂತಲೇ ಇದೆ. ಇವತ್ತೇ ತರಿಸ್ತೀನಿ. ಸಕ್ಕರೆ ಇಳಿದ್ರೆ ಹೇಗೆ ಗೊತ್ತಾಗುತ್ತೆ?

– ತೂರಾಡ್ತಾನೆ, ಕರೆದ್ರೆ ತಿರುಗಲ್ಲ, ಮೈ ನಡುಗುತ್ತೆ. ಬೆರಳಿಗೆ ಜೇನುತುಪ್ಪ ಹಚ್ಕೊಂಡು ಒಸಡಿಗೆ ಸವರಿ ತಕ್ಷಣ ಆಸ್ಪತ್ರೆಗೆ ಹೊರಡು. ಊಟ ಮಾಡದ ದಿನ ಕೇಳದೆ ಇಂಜೆಕ್ಷನ್ ಹಾಕಬೇಡ. ಹಾಲನ್ನ ನಿಲ್ಲಿಸೋಕೆ ಹೇಳಿದ್ರಾ?

– ಹೇಳಿದ್ರು. ಅದು ನನಗೆ ಕಷ್ಟ ಆಯ್ತು ನೋಡು. ಅವನು ಮರಿಯಾಗಿದ್ದಾಗಿಂದ ತಿಂದದ್ದು ಅದನ್ನೇ. ಮಾಂಸದ ಪೊಟ್ಟಣ ಬರುತ್ತಂತೆ, ಮೆತ್ತಗೆ ನೀರಾಗಿ ಇರುತ್ತಂತೆ, ಅದನ್ನೇ ಹಾಕಿ ಅಂದ್ರು. ಈ ಮನೆ ಒಳಗೆ ಅದನ್ನ ತರೋದು ಹೇಗೆ ಅಂತ ಒಂದು ರಾತ್ರಿ ಪೂರಾ ಯೋಚನೆ ಮಾಡಿದೆ. ಬೆಕ್ಕಿನ ಹೊಟ್ಟೆ ಮಾಂಸಕ್ಕೇ ಮಾಡಿರೋದು, ನನ್ನ ಮಡಿಗೋಸ್ಕರ ಅನ್ನ ತಿನ್ನಿಸಿದ್ದು ನಾನು. ಹಿತ್ತಲ ಬಾಗಿಲ ಹತ್ತಿರ ಬೇರೆ ತಟ್ಟೆ, ಬೇರೆ ಚಮಚ ಇಟ್ಟಿದೀನಿ. ಇವರು ಹೋಗಿ ಪೊಟ್ಟಣ ತಂದ್ರು.

– ಚಿಕ್ಕಪ್ಪನಾ?

– ಹೂಂ. ಅಂಗಡಿಯವನ ಹತ್ತಿರ ಯಾವುದರಲ್ಲಿ ಹಿಟ್ಟಿನಂಶ ಕಡಿಮೆ ಅಂತ ಕೇಳಿ ಬಂದಿದಾರೆ.

– ಚಿಕ್ಕಮ್ಮ, ಆಹಾರ ಬದಲಾದ್ರೆ ಸಕ್ಕರೆಯೂ ಇಳಿಯುತ್ತೆ, ಆಗ ಇನ್ಸುಲಿನ್ ಕಡಿಮೆ ಮಾಡಬೇಕಾಗಬಹುದು. ಬೇಗ ಗೊತ್ತಾಗಿ, ಅನ್ನ ಬಿಟ್ಟು, ಸರಿಯಾಗಿ ಇನ್ಸುಲಿನ್ ಕೊಟ್ಟರೆ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಡವೇ ಆಗುತ್ತೆ. ಇವನಿಗೂ ಹಾಗಾಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಪರೀಕ್ಷೆಗೆ ಕರೆದ ದಿನ ತಪ್ಪಿಸಬೇಡ.

– ತಪ್ಪಿಸಲ್ಲ. ನನ್ನದು ಏಳಕ್ಕೆ, ಅವನದೂ ಏಳಕ್ಕೆ.

* * *

– ಮಳೆ ಬಂತಾ ನಿಮ್ಮ ಕಡೆ?

– ನಿನ್ನೆ ಸಂಜೆ ಸುರೀತು. ಹಿತ್ತಲೆಲ್ಲ ನೀರು. ಕಲ್ಲುಬಾನಿ ತುಂಬಿತು, ತಕ್ಷಣ ಹೋಗಿ ಚೆಲ್ಲಿ ಬಂದೆ. ಅವನು ಅದರಲ್ಲಿ ಕುಡಿದ್ರೆ ನನ್ನ ಲೆಕ್ಕ ತಪ್ಪುತ್ತಲ್ಲ.

– ಇನ್ನೂ ಅಳೀತಿದೀಯಾ? ಆರು ವಾರ ಆಯ್ತು.

– ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೀತೀನಲ್ಲ, ಅದರ ಕೆಳಗೇ. ಹಾಲು ಒಂದು ಲೀಟರು, ಗುಂಡ 310. ಹಾಲು ಅರ್ಧ ಲೀಟರು, ಗುಂಡ 260. ಹೋದ ವಾರ ಪೂರ್ತಿ 150ರ ಆಸುಪಾಸು. ನಿನ್ನೆ 140.

– ಪೊಟ್ಟಣದ ಊಟದಲ್ಲೇ ನೂರಕ್ಕೆ ಎಂಬತ್ತರ ಹತ್ತಿರ ನೀರಿರುತ್ತೆ, ಆದ್ದರಿಂದ ಬಟ್ಟಲಿನದು ಇಳಿಯೋದು ಸಹಜ. ಇಳಿದಿದ್ದೆಲ್ಲ ಇನ್ಸುಲಿನ್‌ನಿಂದ ಅಂದುಕೊಳ್ಳೋ ಹಾಗಿಲ್ಲ. ಮರಳು ಹೇಗಿದೆ?

– ಎರಡು ದಿನಕ್ಕೊಂದು ಸಲ ಬದಲಾಯಿಸ್ತೀನಿ. ಒದ್ದೆ ಚಿಕ್ಕದಾಗಿದೆ. ನಿಂಬೆಹಣ್ಣಿನಷ್ಟಾಗಿಲ್ಲ ಇನ್ನೂ, ಮೂಸಂಬಿಯಷ್ಟಿದೆ.

– ತೂಕ?

– 5.1. ಡಾಕ್ಟರು ಹಾಗೇ ಮುಂದುವರಿಸಿ ಅಂದಿದಾರೆ. ಹಿಂಗಾಲು ಮಾತ್ರ ಇನ್ನೂ ಹಾಗೇ ಇಡ್ತಾನೆ. ನಿಧಾನ ಆಗುತ್ತಂತೆ.

– ಆಗುತ್ತೆ. ಇರುವೆ?

– ಅರಿಸಿನ ಗುಡಿಸಿ ಹಾಕಿ ಹದಿನೈದು ದಿನ ಆಯ್ತು ಕಣೇ. ಬೇಕಂತಲೇ ಮತ್ತೆ ಹಾಕಿಲ್ಲ. ದಿನಾ ಬೆಳಿಗ್ಗೆ ಬಾಂಡ್ಲಿ ಪಕ್ಕ ಮಣೆ ಹಾಕ್ಕೊಂಡು ಕೂತು ನೋಡ್ತೀನಿ. ಇವತ್ತು ಒಂದು ಬಂತು. ಅಂಚು ಹತ್ತಿ, ಮರಳಿನ ಮೇಲೆ ಒಂದು ಸುತ್ತು ಓಡಾಡಿ, ಬಂದ ದಾರಿಯಲ್ಲೇ ಇಳಿದು ಹೋಯ್ತು.